ಕೂಲಿಯವರ ಪೆಟ್ಟಿಗೆಯಲ್ಲಿ ಬಂದ ಕಾಣಿಕೆ

ಹೊಟ್ಟೆಪಾಡಿಗಾಗಿ ಊರು ಬಿಡುವವನು ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆಯನ್ನಷ್ಟೇ ಒಯ್ಯುವುದಿಲ್ಲ. ತನ್ನ ಊರಿನ ಹಾಡನ್ನೂ ಒಯ್ಯುತ್ತಾನೆ. ಹೋದ ನಾಡು ಅದನ್ನು ಬರಮಾಡಿಕೊಂಡೀತೇ ಎಂಬುದು ಪರಸ್ಥಳದಲ್ಲಿ ದುಡಿಯುವ ನಮ್ಮೆಲ್ಲರ ಪ್ರಶ್ನೆ. ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ಯುಕುಲೇಲೆ ಎಂಬ ಪುಟ್ಟ ವಾದ್ಯವು ಇದಕ್ಕೆ ಕೊಟ್ಟ ಉತ್ತರವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

1879ರ ಆಗಸ್ಟ್ ತಿಂಗಳಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಹೊನೊಲುಲು ಬಂದರನ್ನು ಮುಟ್ಟಿತು. ಕಬ್ಬಿನ ತೋಟಗಳಲ್ಲಿ ಕರಾರಿನ ಮೇಲೆ ದುಡಿಯಲೆಂದು ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಹೊರಟ ನಾನೂರಕ್ಕೂ ಮಿಕ್ಕ ಜನರು ಅದರಲ್ಲಿದ್ದರು. ಅವರ ಪೈಕಿ ನೂನೆಸ್, ಡಯಸ್, ಎಸ್ಪಿರಿತು ಸಾಂತು ಎಂಬ ಮೂವರು ಮರಗೆಲಸ ಬಲ್ಲವರು. ಮುಂದೆ ಇವರು ಹೊನೊಲುಲುವಿನಲ್ಲಿ ಅಂಗಡಿ ತೆರೆದು, ತಮ್ಮ ನಾಡಿನ ನಾಲ್ಕು ತಂತಿಯ ಸಣ್ಣ ವಾದ್ಯದ ಮಾದರಿಯಲ್ಲಿ, ಅಲ್ಲಿಯ ಕೋವಾ ಮರದಿಂದ ಯುಕುಲೇಲೆಯನ್ನು ಮಾಡಿದರು. ರಾಜ ಕಲಾಕೌವನು ಇದಕ್ಕೆ ಅರಮನೆಯಲ್ಲಿಯೇ ಆಶ್ರಯವಿತ್ತನು. ಆ ಹೆಸರಿಗೆ ‘ಜಿಗಿಯುವ ಚಿಗಟ’ ಎಂದು ಜನರು ಅರ್ಥ ಹೇಳುವರು. ರಾಜನ ತಂಗಿ, ಮುಂದೆ ರಾಣಿಯಾದ ಲಿಲಿಉಕಲಾನಿಯಾದರೋ ‘ಇಲ್ಲಿಗೆ ಬಂದ ಕಾಣಿಕೆ’ ಎಂಬ ಅರ್ಥವನ್ನೇ ಮೆಚ್ಚಿದಳು. ಕೂಲಿಗೆ ಬಂದವರು ತಂದುದನ್ನು ಆ ನಾಡಿನ ರಾಣಿಯೇ ಕಾಣಿಕೆಯೆಂದು ಎಣಿಸಿದಳು!

ಈಕೆ ಹೊನೊಲುಲುವಿನ ಕವಾಯಹಾವೊ ಚರ್ಚಿನ ಗಾಯನಮೇಳವನ್ನು ನಡೆಸಿದವಳು. 1895ರಲ್ಲಿ ಸೆರೆಯಲ್ಲಿದ್ದಾಗ ಈಕೆ ರಚಿಸಿದ ಪ್ರಾರ್ಥನಾಗೀತವನ್ನು ಹವಾಯಿಯ ಚರ್ಚುಗಳಲ್ಲಿ ಇಂದಿಗೂ ಹಾಡುವರು. ಆರ್ಗನ್ನಿನ ಗಂಭೀರ ನಾದಕ್ಕೆ ಒಗ್ಗಿದ ಆರಾಧನೆಯಲ್ಲಿ ಈಗ ಗಿಟಾರಿನ ಮಗ್ಗುಲಲ್ಲಿ ಯುಕುಲೇಲೆಗೂ ಸ್ಥಳವುಂಟು.

ಇದನ್ನು ನುಡಿಸುವುದು ಕಷ್ಟವಲ್ಲ. ಕೆಳಗಿನ ತಂತಿಯನ್ನು ಮೂರನೆಯ ಮನೆಯಲ್ಲಿ ಒಂದೇ ಬೆರಳಿನಿಂದ ಒತ್ತಿ ಮೀಟಿದರೆ ‘ಸಿ’ ಸ್ವರಮೇಳ ಹೊರಡುತ್ತದೆ. ಅದರೊಡನೆ ‘ಎಫ್’, ‘ಜಿ’ ಎಂಬೆರಡನ್ನು ಕಲಿತರೆ ಹಲವು ಕೀರ್ತನೆಗಳಿಗೆ ಸಾಕು. ಸಾಮಾನ್ಯ ಶ್ರುತಿಯಲ್ಲಿ ಮೇಲ್ತುದಿಯ ತಂತಿಯೂ ತಗ್ಗಿನ ಸ್ವರದ್ದಲ್ಲವಾದುದರಿಂದ ನಾದವು ಹಗುರವಾಗಿ, ತಿಳಿಯಾಗಿ ಕೇಳುತ್ತದೆ. ಆದರೆ ಅದು ಬೇಗನೆ ಅಡಗುತ್ತದೆ. ಆದಕಾರಣ ಮೇಳದಲ್ಲಿ ಮಂದ್ರಸ್ವರದ ಭಾರವನ್ನು ಬೇರೆ ವಾದ್ಯಗಳು ಹೊರಬೇಕು. ಯುಕುಲೇಲೆಯವನು ತಾಳ ತಪ್ಪದಂತೆ ಮೀಟುತ್ತ, ಜನರ ಕಂಠ ಏರಿದಾಗ ತಾನು ತಗ್ಗಬೇಕು. ಸಭೆಯ ಹಾಡು ಮುಖ್ಯ, ವಾದಕನಲ್ಲ. ಹೋಟೆಲಿನಲ್ಲಿ ಬಡಿಸುವವನ ಜಾಣತನವೂ ಇದೇ ಎಂದು ಗಲ್ಲೆಯ ಮೇಲೆ ಕುಳಿತ ನಾವು ಬಲ್ಲೆವು.

ನಮ್ಮ ಭಜನಮಂಡಳಿಗಳ ಹಾರ್ಮೋನಿಯಮ್ಮೂ ಯೂರೋಪಿನಿಂದ ಬಂದುದೇ. ಇಂದು ಅದನ್ನು ಪರಕೀಯವೆನ್ನುವವರಾರು? ಹಾಗಾದರೆ ನಾವು ಊರಿನಿಂದ ತಂದುದು ಟ್ರಂಕಿನ ತಳದಲ್ಲೇ ಉಳಿಯಬೇಕೇಕೆ? ಕೊಳಲು ಬಲ್ಲ ಅಡಿಗೆಯವನೂ ಪದ ಬಲ್ಲ ಗುಮಾಸ್ತನೂ ರಜೆಯ ಸಂಜೆ ನೆರೆಯವರ ಎದುರು ಬಾಯಿ ಬಿಡಲಿ. ಕೊಡುವವನು ಸಂಕೋಚಪಟ್ಟರೆ ಕಾಣಿಕೆಯೆಂದು ಕರೆಯಲು ರಾಣಿಯಿದ್ದರೂ ಫಲವಿಲ್ಲ.