ನಿಮಗಿದು ಗೊತ್ತೇ? ಮೊಟ್ಟೆ, ಹಾಲು, ಬೆಣ್ಣೆ ಇಲ್ಲದೆಯೂ ಗರಿಗರಿ ವಾಫಲ್!

● ‘ಎಗ್‌ಲೆಸ್’ ಎಂದ ಮಾತ್ರಕ್ಕೆ ವಾಫಲ್ ವೀಗನ್ (ಪ್ರಾಣಿಜನ್ಯವಾದದ್ದೇನೂ ಇಲ್ಲದ್ದು) ಆಗುವುದಿಲ್ಲ. ಅದರಲ್ಲಿ ಹಾಲು, ಬೆಣ್ಣೆ ಇರಬಹುದು. ಮೇಲೆ ಸುರಿಯುವ ಜೇನುತುಪ್ಪವೂ ವೀಗನ್ನರಿಗೆ ವರ್ಜ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು ಮಾತ್ರ. ವೀಗನ್ ಆಹಾರಕ್ಕೆಂದೇ ನಮ್ಮ ದೇಶದಲ್ಲಿ 2022ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿದೆ. ಚಿಗುರೊಡೆದ ಹಸಿರು ‘ವಿ’ ಅಕ್ಷರ ಅದರ ಚಿಹ್ನೆ.

● ಮಧ್ಯಯುಗದ ಯುರೋಪಿನಲ್ಲಿ ಬರೀ ಹಿಟ್ಟು, ನೀರು ಕಲಸಿ, ಹಿಡಿಕೆಯಿದ್ದ ಎರಡು ಕಬ್ಬಿಣದ ತಟ್ಟೆಗಳ ನಡುವೆ ಒತ್ತಿ ತೆಳ್ಳನೆಯ ಬಿಲ್ಲೆ ಸುಡುತ್ತಿದ್ದರು. ವಾಫಲ್‌ನ ಪೂರ್ವಜ ಅದೇ. ಹಾಗೆ ನೋಡಿದರೆ ಮೊಟ್ಟೆ, ಬೆಣ್ಣೆ ಆಮೇಲೆ ಸೇರಿದ ಶ್ರೀಮಂತಿಕೆ.

● ಒಲೆಯ ಮೇಲಿಟ್ಟು ತಿರುಗಿಸುವ ವಾಫಲ್ ಕಾವಲಿಗೆ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಪೇಟೆಂಟ್ ಪಡೆದದ್ದು 1869ರ ಆಗಸ್ಟ್ 24ರಂದು. ಅಮೆರಿಕನ್ನರಿಗೆ ಆ ದಿನವೇ ವಾಫಲ್ ದಿನ.

● ಉತ್ತರ ಕರ್ನಾಟಕದವರು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅದೇ ಅಗಸೆ ಬೀಜ ಇಲ್ಲಿ ಮೊಟ್ಟೆಯ ಕೆಲಸ ಮಾಡುತ್ತದೆ. ಒಂದು ದೊಡ್ಡ ಚಮಚ ಅಗಸೆ ಪುಡಿಗೆ ಅಂಥದೇ ಮೂರು ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸಿಪ್ಪೆಯಲ್ಲಿರುವ ಅಂಟು ಬಿಟ್ಟುಕೊಂಡು ಲೋಳೆಯಾಗುತ್ತದೆ. ಒಂದು ಮೊಟ್ಟೆಗೆ ಇಷ್ಟು ಸಮ. ಇಡೀ ಬೀಜ ಹಾಕಿದರೆ ಹಿಟ್ಟು ಹೀಗೆ ಹಿಡಿದುಕೊಳ್ಳದು, ಪುಡಿಯೇ ಆಗಬೇಕು.

● ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಚೆಲ್ಲಬೇಡಿ! ತಣ್ಣಗಾದ ಮೇಲೆ ಮಂದವಾಗುವ ಆ ಕಟ್ಟನ್ನು ಬೀಟರ್‌ನಿಂದ ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ನಿಲ್ಲುತ್ತದೆ. ಫ್ರಾನ್ಸಿನ ಜೋಯೆಲ್ ರೋಸೆಲ್ 2014ರಲ್ಲಿ ಇದನ್ನು ಕಂಡುಕೊಂಡರು. ಮರುವರ್ಷ ಇದಕ್ಕೆ ‘ಅಕ್ವಾಫಾಬಾ’ ಎಂಬ ಹೆಸರು ಬಿತ್ತು. ಒಂದು ಮೊಟ್ಟೆಗೆ ಮೂರು ದೊಡ್ಡ ಚಮಚ ಸಾಕು.

● ಒಂದು ಕಪ್ ಸೋಯಾ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿದರೆ ಐದೇ ನಿಮಿಷದಲ್ಲಿ ಒಡೆದು ಮಂದವಾಗುತ್ತದೆ. ಇದೇ ವೀಗನ್ ಮಜ್ಜಿಗೆ. ಈ ಹುಳಿ ಅಡುಗೆ ಸೋಡಾಕ್ಕೆ ತಾಗಿದೊಡನೆ ಇಂಗಾಲದ ಡೈಆಕ್ಸೈಡ್ ಗುಳ್ಳೆಯೆದ್ದು ಹಿಟ್ಟು ಉಬ್ಬುತ್ತದೆ.

● ಹಿಟ್ಟಿನಲ್ಲಿ ಸಣ್ಣಪುಟ್ಟ ಗಂಟು ಉಳಿದರೆ ಒಳ್ಳೆಯದೇ! ಗಂಟೊಡೆಯಲೆಂದು ಕಲಸುತ್ತಲೇ ಇದ್ದರೆ ಮೈದಾದ ಗ್ಲುಟೆನ್ ಬಿಗಿದು ವಾಫಲ್ ರಬ್ಬರಿನಂತಾಗುತ್ತದೆ.

● ಒಂದು ಸರಳ ಅಳತೆ: ಎರಡು ಕಪ್ ಮೈದಾ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಎರಡು ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದೂಮುಕ್ಕಾಲು ಕಪ್ ಸೋಯಾ ಹಾಲು, ಕಾಲು ಕಪ್‌ಗೆ ತುಸು ಹೆಚ್ಚು ಎಣ್ಣೆ, ನೆನೆಸಿದ ಅಗಸೆ ಪುಡಿ. ಎಣ್ಣೆಗೆ ಜಿಪುಣತನ ಮಾಡಿದರೆ ಗರಿ ಬಾರದು. ಸಕ್ಕರೆ ಹೆಚ್ಚಾದರೆ ತಳ ಹಿಡಿಯುತ್ತದೆ.

● ನೈಕಿ ಕಂಪನಿಯ ಸಹಸ್ಥಾಪಕ, ಓಟದ ಕೋಚ್ ಬಿಲ್ ಬೋವರ್‌ಮನ್ ಶೂ ಅಡಿಯ ಹೊಸ ವಿನ್ಯಾಸಕ್ಕಾಗಿ ಹೆಂಡತಿಯ ವಾಫಲ್ ಯಂತ್ರಕ್ಕೇ ಯುರಿಥೇನ್ ಎಂಬ ರಾಸಾಯನಿಕ ಸುರಿದರು. ಜಿಡ್ಡು ಸವರಿರಲಿಲ್ಲ, ಯಂತ್ರ ಮುಚ್ಚಿಕೊಂಡದ್ದು ಮತ್ತೆ ತೆರೆಯಲೇ ಇಲ್ಲ! ನಿಮ್ಮ ಯಂತ್ರದ ಚೌಕಗಳ ಸಂದಿಗೂ ಪ್ರತಿ ಸಲ ಬ್ರಷ್‌ನಿಂದ ಎಣ್ಣೆ ಮುಟ್ಟಿಸಿ. ಹಿಟ್ಟನ್ನು ಅಂಟಿಸಿ ಹಿಡಿಯುವ ಮೊಟ್ಟೆ ಇಲ್ಲವಾದ್ದರಿಂದ ಬೇಗ ತೆರೆದರೆ ವಾಫಲ್ ಎರಡು ಹೋಳಾಗಿ ಮೇಲೊಂದು, ಕೆಳಗೊಂದು ಕಚ್ಚಿಕೊಳ್ಳುತ್ತದೆ.

● ಹಾಗಾದರೆ ಬೆಂದದ್ದು ತಿಳಿಯುವುದು ಹೇಗೆ? ಅಂಚಿನಿಂದ ಏಳುವ ಹಬೆ ನೋಡಿ. ಹಬೆ ಬರುತ್ತಿದೆಯೆಂದರೆ ಒಳಗಿನ್ನೂ ನೀರಿದೆ. ಅದು ಹೆಚ್ಚುಕಮ್ಮಿ ನಿಂತ ಮೇಲೆಯೇ ಮುಚ್ಚಳ ಎತ್ತಿ.

● ಬೆಂದ ವಾಫಲ್‌ಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ತಮ್ಮ ಹಬೆಗೆ ತಾವೇ ಮೆತ್ತಗಾಗುತ್ತವೆ. ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ.

● ಬ್ರಸೆಲ್ಸ್‌ನ ಸಾಂಪ್ರದಾಯಿಕ ವಾಫಲ್ ಉಬ್ಬುವುದು ಯೀಸ್ಟ್‌ನಿಂದ. ಹಿಟ್ಟು ಹುದುಗಿಸುವುದು ನಮಗೇನು ಹೊಸದೇ? ಅಕ್ಕಿ, ಉದ್ದು ರುಬ್ಬಿದ ಇಡ್ಲಿ ಹಿಟ್ಟು ಹುಟ್ಟಾ ವೀಗನ್. ಉಕ್ಕಿಬಂದ ಗಟ್ಟಿ ಹಿಟ್ಟಿಗೆ ಒಂದೆರಡು ಚಮಚ ಎಣ್ಣೆ, ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಯಂತ್ರಕ್ಕೆ ಹುಯ್ಯಿರಿ. ಬೇಕಿಂಗ್ ಪೌಡರ್ ಬೇಡ. ಚೌಕದ ಗುಳಿಗಳಲ್ಲಿ ಕಾಯಿಚಟ್ನಿ ಚೆನ್ನಾಗಿ ನಿಲ್ಲುತ್ತದೆ! ಸಿಹಿ ಬೇಕೆನ್ನುವವರಿಗೆ ಜೋನಿಬೆಲ್ಲ ಇದ್ದೇ ಇದೆ.

● ಮಿಕ್ಕ ವಾಫಲ್ ಪೂರ್ತಿ ಆರಿದ ಮೇಲೆ ಫ್ರೀಜರ್‌ನಲ್ಲಿಡಿ. ಬೇಕಾದಾಗ ನೇರ ಟೋಸ್ಟರ್‌ಗೆ ಹಾಕಿದರೆ ಮತ್ತೆ ಗರಿಗರಿ. ಮೈಕ್ರೋವೇವ್‌ಗೆ ಮಾತ್ರ ಬೇಡ, ಮೆತ್ತಗಾಗಿಬಿಡುತ್ತದೆ.