ಗಾಳಿ ಕುಸಿತದತ್ತ ನೇರ ನುಗ್ಗುವುದಿಲ್ಲ

‘ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂಬ ಸುದ್ದಿ ಓದಿದ ಕೂಡಲೇ, ಸುತ್ತಲಿನ ಗಾಳಿಯೆಲ್ಲ ಆ ಕುಸಿತದೊಳಕ್ಕೆ ನೇರ ನುಗ್ಗುತ್ತದೆ ಎಂದು ಎಣಿಸುವವರೇ ಹೆಚ್ಚು. ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಗಾಳಿ ಬೀಸುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವಲ್ಲ! ಆ ಪಾಠ ಸುಳ್ಳಲ್ಲ, ಅರ್ಧಕ್ಕೇ ನಿಂತದ್ದು.

ಗಾಳಿ ಹೊರಡುವುದೇನೋ ಆ ಕಡೆಗೇ. ಆದರೆ ಭೂಮಿ ತಿರುಗುತ್ತಿರುವುದರಿಂದ ಉಂಟಾಗುವ ಕೊರಿಯಾಲಿಸ್ ಪರಿಣಾಮ ಉತ್ತರಾರ್ಧಗೋಳದಲ್ಲಿ ಅದನ್ನು ಬಲಕ್ಕೆ ಎಳೆಯುತ್ತದೆ. ವೇಗ ಏರಿದಷ್ಟೂ ಎಳೆತ ಹೆಚ್ಚು. ಕೊನೆಗೆ ಒತ್ತಡದ ನೂಕುವಿಕೆಯೂ ಈ ಎಳೆತವೂ ಎದುರುಬದುರಾಗಿ ಸರಿಸಮವಾದಾಗ ಗಾಳಿ ಸಮಭಾರ ರೇಖೆಗಳನ್ನು (ಒಂದೇ ಒತ್ತಡದ ಸ್ಥಳಗಳನ್ನು ಕೂಡಿಸುವ ಗೆರೆಗಳನ್ನು) ದಾಟದೆ ಅವುಗಳ ಗುಂಟ ಸಾಗುತ್ತದೆ. ಇದೇ ಜಿಯೊಸ್ಟ್ರೋಫಿಕ್ ಗಾಳಿ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ನಿಯಮ ಇದಕ್ಕೆ ತಕ್ಕಂತಿದೆ: ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ನಿಮ್ಮ ಎಡಕ್ಕಿರುತ್ತದೆ.

ಹಾಗಾದರೆ ಗಾಳಿ ಎಬ್ಬಿಸುವುದು ಕೊರಿಯಾಲಿಸ್ ಬಲವೇ? ಅಲ್ಲ. ನಿಂತ ಗಾಳಿಯನ್ನು ಅದು ಅಲುಗಿಸಲಾರದು. ಬೀಸುವ ಗಾಳಿಯ ದಿಕ್ಕನ್ನಷ್ಟೇ ಬದಲಿಸುತ್ತದೆ. (ಅಡುಗೆಮನೆಯ ಸಿಂಕಿನಲ್ಲಿ ನೀರು ಸುಳಿಯುವುದಕ್ಕೂ ಇದೇ ಕಾರಣ ಎಂಬುದು ಶುದ್ಧ ಕಟ್ಟುಕತೆ.)

ನೆಲಮಟ್ಟದ ಕತೆ ಬೇರೆ. ಮರ, ಗುಡ್ಡ, ಕಟ್ಟಡಗಳ ಘರ್ಷಣೆಯಿಂದ ವೇಗ ಕುಗ್ಗಿ, ಅದರೊಂದಿಗೆ ಕೊರಿಯಾಲಿಸ್ ಎಳೆತವೂ ಕುಗ್ಗುತ್ತದೆ. ಆಗ ಗಾಳಿ ರೇಖೆಗಳನ್ನು ಓರೆಯಾಗಿ ದಾಟಿ ಕುಸಿತದತ್ತ ಸರಿಯುತ್ತದೆ. ಹೀಗೆ ಕೂಡಿಬಂದ ಗಾಳಿ ಮೇಲೇರಿದಾಗಲೇ ಮೋಡ, ಮಳೆ. ಸುಮಾರು ಒಂದು ಕಿಲೋಮೀಟರ್ ಮೇಲಕ್ಕೆ ಹೋದರೆ ಘರ್ಷಣೆಯ ಆಟ ಮುಗಿಯುತ್ತದೆ.

ಒತ್ತಡ ಮತ್ತು ಕೊರಿಯಾಲಿಸ್ ಎಳೆತದ ಸಮತೋಲದ ಲೆಕ್ಕ ಎಲ್ಲ ಊರಿಗೂ ಒಂದೇ ಎಂದುಕೊಳ್ಳುವುದೇ ನನ್ನ ಮಟ್ಟಿಗೆ ದೊಡ್ಡ ತಪ್ಪು. ನೂರು ಕಿಲೋಮೀಟರಿಗೆ ಒಂದು ಮಿಲಿಬಾರ್‌ನಷ್ಟು ಒತ್ತಡ ಇಳಿದರೆ, 45 ಡಿಗ್ರಿ ಅಕ್ಷಾಂಶದಲ್ಲಿ ಸಮತೋಲಕ್ಕೆ ಬೇಕಾದ ವೇಗ ಗಂಟೆಗೆ ಸುಮಾರು 30 ಕಿ.ಮೀ. ಬೆಂಗಳೂರಿರುವ 13 ಡಿಗ್ರಿಯಲ್ಲಿ ಅದೇ ಸೂತ್ರ ಸುಮಾರು 90 ಎನ್ನುತ್ತದೆ! ಸಮಭಾಜಕ ವೃತ್ತದ ಮೇಲಂತೂ ಸಮತಲದ ಕೊರಿಯಾಲಿಸ್ ಎಳೆತವೇ ಸೊನ್ನೆ. ಸೂತ್ರಕ್ಕೆ ಅಲ್ಲಿ ಅರ್ಥವಿಲ್ಲ. ಯುರೋಪಿನ ಹವಾಮಾನ ನಕ್ಷೆ ಓದುವ ಧಾಟಿಯಲ್ಲಿ ನಮ್ಮ ನಕ್ಷೆ ಓದಬಾರದು. ಚಂಡಮಾರುತದ ಬಿಗಿ ಸುತ್ತಿನಲ್ಲೂ ಈ ಸೂತ್ರವೊಂದೇ ಸಾಲದು, ಕೇಂದ್ರಾಪಗಾಮಿ ಪರಿಣಾಮವನ್ನೂ ಸೇರಿಸಬೇಕು. ಆದರೆ ಸುತ್ತು ಶುರುವಾಗಲು ಕೊರಿಯಾಲಿಸ್ ಬೇಕೇ ಬೇಕು: ಸಮಭಾಜಕ ವೃತ್ತದಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರ ಅಪರೂಪ.