ಬಾಡಿಗೆ ಕೊಡದ ಬಿಡಾರಗಾರರು

ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ, ಗೋವಿನಜೋಳ ಮಾರಿದ ಹಣದಿಂದ ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಳ್ಳುವ ತಂದೆಗೆ ಅಂಗಡಿಯವನು ಹೇಳದ ಮಾತೊಂದುಂಟು. ಹೊಸ ಮನೆಯೊಳಗೆ ಬಾಡಿಗೆ ಕೊಡದ ಬಿಡಾರಗಾರರು ಮೊದಲೇ ಹೊಕ್ಕು ಕುಳಿತಂತೆ, ಬೇಡದ ತಂತ್ರಾಂಶಗಳು ಅದರಲ್ಲಿ ನೆಲೆಸಿರುತ್ತವೆ.

ಬರಿಯ ಕಿರಿಕಿರಿಯಾಗಿದ್ದರೆ ಸಹಿಸಬಹುದಿತ್ತು. ಲೆನೊವೊ ಸಂಸ್ಥೆ 2014ರಲ್ಲಿ ಮಾರಿದ ಹಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತಿನ ತಂತ್ರಾಂಶ ಅಡಗಿದ್ದುದು 2015ರ ಫೆಬ್ರುವರಿಯಲ್ಲಿ ಬಯಲಾಯಿತು. ಬ್ಯಾಂಕಿನೊಡನೆ ನಡೆಯುವ ಗುಪ್ತ ವ್ಯವಹಾರದ ನಡುವೆಯೂ ಅದು ನುಸುಳಬಲ್ಲುದಾಗಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೀಲಿಕೈ! ಅದು ಕೈಸೇರಿದ ಕಳ್ಳನಿಗೆ ಎಲ್ಲ ಮನೆಗಳ ಬಾಗಿಲೂ ತೆರೆದಂತೆಯೇ ಅಲ್ಲವೆ? ಕಡೆಗೆ ಅದನ್ನು ಕಿತ್ತೊಗೆಯುವ ಸಾಧನವನ್ನು ಸಂಸ್ಥೆಯೇ ಒದಗಿಸಬೇಕಾಯಿತು.

ಬಿಡಿಭಾಗಗಳನ್ನು ತಂದು ಮೇಜಿನ ಗಣಕವನ್ನು ತಾವೇ ಜೋಡಿಸಿಕೊಳ್ಳುವವರಿಗೆ ಈ ಬಾಧೆಯಿಲ್ಲ. ಆದರೆ ಶಿಗ್ಗಾವಿ, ಸವಣೂರಿನವರು ಅದಕ್ಕಾಗಿ ಹುಬ್ಬಳ್ಳಿಯ ಅಂಗಡಿಗಳನ್ನು ಅಲೆಯಬೇಕಾದೀತು. ಜೋಡಿಸಿಕೊಡುವವನು ಕಳ್ಳಪ್ರತಿಯ ವಿಂಡೋಸ್ ತುರುಕಿದರಂತೂ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ನಡುವಿನ ಹಾದಿಯೂ ಇದೆ. 2012ರ ವಿಂಡೋಸ್ 8ರಿಂದೀಚೆಗೆ, ವಿಂಡೋಸ್ ಸಮೇತ ಮಾರುವ ಯಂತ್ರಗಳಲ್ಲಿ ಪರವಾನಗಿಯ ಗುರುತು ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಅಡಕವಾಗಿರುತ್ತದೆ. ಕಡತಗಳನ್ನು ಬೇರೆಡೆ ಉಳಿಸಿಕೊಂಡು, ಮೈಕ್ರೋಸಾಫ್ಟಿನ ಶುದ್ಧ ಪ್ರತಿಯನ್ನೇ 8 ಜಿಬಿಯ ಪೆನ್‌ಡ್ರೈವಿಗೆ ಇಳಿಸಿ ಹೊಸದಾಗಿ ಸ್ಥಾಪಿಸಿದರೆ, ಮತ್ತೆ ಹಣ ತೆರದೆಯೇ ಬಿಡಾರಗಾರರು ಹೊರಬೀಳುತ್ತಾರೆ.